ಇದ್ವಲ್ ಸೋಲಲು ಹೊರಟ ದಿನ

ಎಲ್ಲಕ್ಕೂ ಕಾರಣ ಇದ್ವಲ್‌ನ ಬಾಯಿ. ಹಿಂದಿನ ಸಂಜೆ ಊರಿನ ಪಬ್ಬಿನಲ್ಲಿ ಬೆಂಕಿಯ ಮುಂದೆ ಕಾಲು ಚಾಚಿಕೊಂಡು ಕೂತವನು, ಯಾರೂ ಕೇಳದಿದ್ದರೂ, "ನಮ್ಮ ಪೆರಿಯಂಥ ಕುರಿನಾಯಿ ಈ ಬೆಟ್ಟದ ಆಚೆಗೂ ಇಲ್ಲ, ಈಚೆಗೂ ಇಲ್ಲ" ಎಂದುಬಿಟ್ಟ. ಬೆಂಕಿಗೆ ಹೇಳಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಗ್ಯಾರೇಜ್ ಎಲ್ಫೆಡ್ ಕೂತಿದ್ದ. ಎಲ್ಫೆಡ್‌ನ ಹೊಟ್ಟೆಯಲ್ಲಿ ಬಿಯರ್ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಅವನು ಹೋಗಿ ಗ್ವಿಲಿಮ್‌ಗೆ ಹೇಳಿದ. ಗ್ವಿಲಿಮ್ ಫೋನೆತ್ತಿ ಉತ್ತರದ ಸೆಲ್ವಿನ್‌ಗೆ ಹೇಳಿದ. ಬೆಳಗಾಗುವಷ್ಟರಲ್ಲಿ ಆ ಮಾತು ಊರೆಲ್ಲ ಉರುಳಿ, ಮೈತುಂಬ ಮಣ್ಣು ಮೆತ್ತಿಕೊಂಡು, ಇದ್ವಲ್‌ನ ಅಡುಗೆಮನೆಗೇ ವಾಪಸು ಬಂತು.

ಅದನ್ನು ಹೊತ್ತು ತಂದವನು ಗ್ವಿಲಿಮ್ಮೇ. ಇದ್ವಲ್‌ನ ಹೆಂಡತಿ ಮೈನಿರ್‌ಗೆ ಸ್ವಂತ ಅಣ್ಣ, ಬೆಟ್ಟದ ಮೇಲಿನ ದೊಡ್ಡ ಕುರಿಮಂದೆಗೆ ಯಜಮಾನ. ಬೂಟು ಬಿಚ್ಚದೆ ಒಳಗೆ ಬರುವ ಅಭ್ಯಾಸ ಅವನದು.

"ಇದ್ವಲ್, ಏಳಯ್ಯ! ಇವತ್ತು ನಮ್ಮೂರ ಕುರಿನಾಯಿ ಪಂದ್ಯ ನೋಡೋಕೆ ಸೆಲ್ವಿನ್ ಬರ್ತಿದ್ದಾನೆ. ಪೆರಿ ಮನಸ್ಸಿಗೆ ಬಂದ್ರೆ ಸಂಜೆಗೇ ಕರ್ಕೊಂಡು ಹೋಗ್ತಾನಂತೆ."

ಇದ್ವಲ್‌ನ ಕೈಯಲ್ಲಿದ್ದ ಬ್ರೆಡ್ಡು ಚಹಾದೊಳಗೆ ಬಿತ್ತು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಅವನ ಊರಿಗೆ! ದೇಶದ ಪರವಾಗಿ ನಾಯಿ ಓಡಿಸೋ ಮನುಷ್ಯ ಕಣೋ. ಅವನ ಕಣ್ಣಿಗೆ ಬೀಳೋದು ಅಂದ್ರೆ ಸಾಮಾನ್ಯಾನಾ? ನನಗೂ ಹೆಸರು, ನಿನಗೂ ಹೆಸರು. ಅದ್ಯಾಕೆ ಹೀಗೆ ಬಿಳುಚಿಕೊಂಡೆ? ಅಲ್ಲಿ ಗೂಟದ ಹತ್ರ ನಿಂತು ನಾಯಿಗೆ ಕೂಗೋಕೆ ಭಯ ಆದ್ರೆ ಹೇಳು, ನಾನೇ ಓಡಿಸ್ತೀನಿ."

"ಬೇಡ ಬೇಡ ಭಾವ, ನಾನೇ... ನಾನೇ ಓಡಿಸ್ತೀನಿ" ಎಂದ ಇದ್ವಲ್. ಗ್ವಿಲಿಮ್ ಓಡಿಸಿದರೆ ಪೆರಿ ಗೆಲ್ಲುವುದರಲ್ಲಿ ಅನುಮಾನವೇ ಇರಲಿಲ್ಲ.

ಮೇಜಿನ ಕೆಳಗೆ ಅವನ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ ಪೆರಿ ಒಂದು ಕಿವಿ ಎತ್ತಿ ಮತ್ತೆ ಇಳಿಸಿದಳು.

ಈ ಊರಲ್ಲಿ, ವೇಲ್ಸ್‌ನ ಈ ಕುಮ್‌ಹೆಲಿಗ್ ಕಣಿವೆಯಲ್ಲಿ, ಮನುಷ್ಯನ ಹೆಸರಿನ ಜೊತೆ ಅವನ ಕಸುಬೂ ಅಂಟಿಕೊಂಡಿರುತ್ತದೆ. ಇದ್ವಲ್ ಬಹಳ ವರ್ಷ ಬಸ್ ಓಡಿಸಿದ್ದರಿಂದ ಬಸ್ ಇದ್ವಲ್ ಆದ. ಬಸ್ ನಿಂತುಹೋಗಿ ಎಷ್ಟೋ ಕಾಲವಾದ ಮೇಲೂ ಅವನು ಬಸ್ ಇದ್ವಲ್ಲೇ. ಐವತ್ತರ ಹೊಸ್ತಿಲಲ್ಲಿ ಅವನಿಗೆ ನಾಯಿ ಪಳಗಿಸುವ ಹುಚ್ಚು ಹಿಡಿಯಿತು. ಒಂದು ದಿನ ಜನ ತನ್ನನ್ನು ನಾಯಿ ಇದ್ವಲ್ ಎಂದು ಕರೆಯಬೇಕು, ಅಷ್ಟೇ ಅವನ ಆಸೆ. ಮೊದಲು ಪಳಗಿಸಿದ ನಾಯಿ ಕುರಿಗಳನ್ನು ಬಿಟ್ಟು, ಭಾನುವಾರ ಚರ್ಚಿನಿಂದ ಹೊರಬರುತ್ತಿದ್ದ ಹೆಂಗಸರನ್ನೆಲ್ಲ ಒಟ್ಟುಗೂಡಿಸಿ ಗೋರಿಗಳ ನಡುವೆ ನಿಲ್ಲಿಸಿತು. ಎರಡನೆಯದು ಕುರಿ ಕಂಡರೆ ಇದ್ವಲ್‌ನ ಹಿಂದೆ ಅಡಗುತ್ತಿತ್ತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ಗ್ವಿಲಿಮ್ ತನ್ನ ಮನೆಯಲ್ಲಿ ಹುಟ್ಟಿದ ಒಂದು ಬಡಕಲು ಮರಿಯನ್ನು ತಂದು, "ಇದು ಬದುಕೋದೇ ಅನುಮಾನ, ನಿನ್ನ ಕೈಯಲ್ಲಿ ಕೆಟ್ರೂ ನಷ್ಟವಿಲ್ಲ. ಕಲಿಸು ನೋಡೋಣ" ಎಂದು ಕೊಟ್ಟುಹೋದ. ನಾಯಿ ಗ್ವಿಲಿಮ್‌ನದೇ, ಕಲಿಸುವ ಕೆಲಸ ಮಾತ್ರ ಇದ್ವಲ್‌ನದು.

ಆ ಮರಿಯೇ ಪೆರಿ. ಇದ್ವಲ್ ಅದಕ್ಕೆ ತನ್ನ ಕೈಯಿಂದ ಹಾಲು ಕುಡಿಸಿದ, ಮಂಜು ಮಳೆ ಎನ್ನದೆ ಬೆಟ್ಟ ಹತ್ತಿಸಿದ, ಎಡ ಬಲ ಕಲಿಸಿದ, ಸಿಳ್ಳೆ ಕಲಿಸಿದ. ಊರಿನವರೆಲ್ಲ ನಾಯಿಯನ್ನು 'ಅದು' ಎನ್ನುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಇದ್ವಲ್ 'ಅವಳು' ಎನ್ನತೊಡಗಿದ್ದ. ಅದನ್ನು ಮೊದಲು ಗಮನಿಸಿದವಳು ಮೈನಿರ್. ಅವಳು ಪೆರಿಗೂ ಒಂದು ಹಳೇ ಕಂಬಳಿ ತಂದುಹಾಕಿದಳು.

ಗ್ವಿಲಿಮ್ ಹೊರಗೆ ಹೋಗುತ್ತಲೇ ಅವಳು ಗಂಡನನ್ನು ನೋಡಿದಳು.

"ಬಾಯಿಬಿಟ್ಟು ಅಣ್ಣನ್ನ ಕೇಳಬಾರದಾ? ನಾಯಿ ನನಗೇ ಇರಲಿ ಅಂತ."

"ಏನಂತ ಕೇಳಲಿ? ಬಿಟ್ಟಿರೋಕಾಗಲ್ಲ ಅಂತಲಾ? ಸಾಯೋವರೆಗೂ ಆಡಿಕೊಂಡು ನಗ್ತಾರೆ ಕಣೆ. ಕುರಿನಾಯಿ ಅಂದ್ರೆ ಇವರಿಗೆ ಗುದ್ದಲಿ ಇದ್ದ ಹಾಗೆ. ಗುದ್ದಲಿಗೋಸ್ಕರ ಯಾರಾದ್ರೂ ಅಳ್ತಾರಾ?"

"ಮತ್ತೇನು ಮಾಡ್ತೀಯಾ?"

ಇದ್ವಲ್ ಚಹಾದಲ್ಲಿ ತೇಲುತ್ತಿದ್ದ ಬ್ರೆಡ್ಡನ್ನೇ ದಿಟ್ಟಿಸಿದ. ಪೆರಿ ಸೆಲ್ವಿನ್‌ನ ಮನಸ್ಸಿಗೆ ಬರಬಾರದು, ಅಷ್ಟೇ. ಓಡದಿದ್ದರೆ ಮನಸ್ಸಿಗೆ ಹೇಗೆ ಬರುತ್ತಾಳೆ?

ಗ್ವಿಲಿಮ್ ಅಂಗಳದಲ್ಲಿ ಪೈಪು ಹಚ್ಚಿಕೊಳ್ಳುವಷ್ಟರಲ್ಲಿ ಇದ್ವಲ್ ಒಂದು ಹಳೇ ಕಾಲುಚೀಲ ಹರಿದು ಪೆರಿಯ ಮುಂಗಾಲಿಗೆ ಕಟ್ಟು ಕಟ್ಟಿದ. ಪೆರಿ ಕಟ್ಟಿಸಿಕೊಂಡು ಸುಮ್ಮನೆ ಕೂತಳು. 'ಮಲಗು' ಎಂದರೆ ಮಲಗಿದಳು. ಇದ್ವಲ್ ಬಾಗಿಲಲ್ಲಿ ನಿಂತು ಮುಖ ಸಣ್ಣಗೆ ಮಾಡಿಕೊಂಡು ಹೇಳಿದ:

"ಭಾವ, ಏನು ಹೇಳ್ಲಿ... ಬೆಳಿಗ್ಗೆಯಿಂದ ಕುಂಟ್ತಿದ್ದಾಳೆ. ಎಡಗಾಲು ನೆಲಕ್ಕೆ ಊರೋಕೇ ಆಗ್ತಿಲ್ಲ."

ಅಷ್ಟರಲ್ಲಿ ಗ್ಯಾರೇಜ್ ಎಲ್ಫೆಡ್ ಬಂದ. ಪಕ್ಕದ ಮನೆಯವನು. ಬೇಲಿಯಾಚೆ ಎಲೆ ಅಲ್ಲಾಡಿದರೂ ಬರುವವನು, ಕಾಲುಚೀಲ ಹರಿದ ಸದ್ದಿಗೆ ಬಾರದೆ ಇರುತ್ತಾನೆಯೇ?

"ಎಡಗಾಲಾ?" ಎಂದ ಎಲ್ಫೆಡ್, ಪೆರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು. "ಕಟ್ಟು ಬಲಗಾಲಿಗಿದೆಯಲ್ಲೋ ಮಾರಾಯ!"

"ಅದು... ಆ ಕಾಲಿನ ಭಾರವೆಲ್ಲ ಈ ಕಾಲಿಗೆ ಬಿದ್ದು..."

"ಬಸ್ಸಿಗೆ ಒಂದು ಚಕ್ರ ಪಂಕ್ಚರಾದ್ರೆ ಇನ್ನೊಂದು ಚಕ್ರಕ್ಕೆ ಪ್ಯಾಚ್ ಹಾಕ್ತಿದ್ದೆಯೇನೋ ನೀನು?"

ಗ್ವಿಲಿಮ್ ಕಟ್ಟು ಬಿಚ್ಚಿ ಎಸೆದ, ಅಂಗಳದ ಕಲ್ಲುಗೋಡೆಯ ಕಡೆ ಕೈ ತೋರಿಸಿದ. ಪೆರಿ ಇದ್ವಲ್‌ನ ಮುಖ ನೋಡಿದಳು. ಇದ್ವಲ್ ತುಟಿ ಬಿಗಿದುಕೊಂಡಿದ್ದ. ಆದರೆ ಗ್ವಿಲಿಮ್ ಎದುರಿಗೆ ಎಷ್ಟು ಹೊತ್ತು ಬಿಗಿದುಕೊಂಡಿರಲು ಸಾಧ್ಯ? "ಹೋಗು" ಎಂದ ಸಣ್ಣಗೆ. ಪೆರಿ ಗೋಡೆ ಹಾರಿ, ಆಚೆ ನಿಂತು, ಮುಂದೇನು ಎನ್ನುವಂತೆ ತಿರುಗಿ ನೋಡಿದಳು.

"ಈ ಕುಂಟು ನನ್ನ ಮಂದೆಯ ಎಲ್ಲ ನಾಯಿಗೂ ಬರಲಿ" ಎಂದು ಗ್ವಿಲಿಮ್ ಹೊರಟುಹೋದ.

ಮುಂದಿನ ಉಪಾಯ ಇದ್ವಲ್‌ಗೆ ಕೋಟು ಹಾಕಿಕೊಳ್ಳುವಾಗ ಹೊಳೆಯಿತು. ಮೈದಾನಕ್ಕೆ ಹೋಗಬೇಕಿದ್ದ ತನ್ನ ವ್ಯಾನಿನ ಎಂಜಿನ್ ಮುಚ್ಚಳ ಎತ್ತಿ ಒಂದು ವೈರು ಕಿತ್ತು ಜೇಬಿಗೆ ಹಾಕಿಕೊಂಡ. ಕೀಲಿ ತಿರುಗಿಸಿದ, ವ್ಯಾನು ಕೆಮ್ಮಿ ಸುಮ್ಮನಾಯಿತು. ಇದ್ವಲ್ ಸ್ಟೇರಿಂಗಿನ ಮೇಲೆ ಕೈಬಡಿದು, ಹಣೆ ಹಣೆ ಚಚ್ಚಿಕೊಂಡ. ಮೂವತ್ತು ವರ್ಷ ಬಸ್ ಓಡಿಸಿದವನಿಗೆ ಗಾಡಿ ಕೆಡಿಸುವುದು ಕಷ್ಟವಲ್ಲ. ಆದರೆ ಪಕ್ಕದ ಮನೆಯಲ್ಲಿ ಗ್ಯಾರೇಜಿನವನಿದ್ದಾನೆ ಎಂಬುದನ್ನು ಅವಸರದಲ್ಲಿ ಮರೆತಿದ್ದ.

"ಸರಿ ಆಚೆ" ಎಂದ ಎಲ್ಫೆಡ್, ತೋಳು ಮಡಿಚುತ್ತ. ಮುಚ್ಚಳದೊಳಗೆ ತಲೆ ಹಾಕಿದವನು ತಕ್ಷಣ ಎತ್ತಿದ. "ಯಾರೋ ಕಳ್ಳ ವೈರು ಕದ್ದಿದ್ದಾನೆ ಕಣೋ! ಈ ಊರಲ್ಲಿ! ಪಂದ್ಯದ ದಿನ! ಇದು ಬೇರೆ ಊರಿನವರ ಕೆಲಸ. ಪೆರಿ ಗೆಲ್ಲುತ್ತೆ ಅಂತ ಹೊಟ್ಟೆಕಿಚ್ಚು!"

ಅವನು ಓಡಿಹೋಗಿ ತನ್ನ ಗ್ಯಾರೇಜಿನಿಂದ ಇನ್ನೊಂದು ವೈರು ತಂದು ಜೋಡಿಸಿದ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಳ್ಳ ಮತ್ತೆ ಬಂದಾನು ಎಂದು ತಾನೇ ಕಾವಲಿಗೆ ವ್ಯಾನಿನಲ್ಲಿ ಹತ್ತಿ ಕೂತ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಮ್ಮ ಬಸ್ ಇದ್ವಲ್‌ನ ತಡೆಯೋಕೆ ಪಿತೂರಿ ನಡೆದಿದೆ, ಎಲ್ಲರೂ ಬನ್ನಿ" ಎಂದು ಡಂಗುರ ಹೊಡೆದ. ಮನೆಯಲ್ಲಿ ಕಾಲು ಚಾಚಿ ಕೂತಿರಬೇಕಾದವರೂ ಟೋಪಿ ಹಾಕಿಕೊಂಡು ಪಂದ್ಯದ ಮೈದಾನಕ್ಕೆ ಹೊರಟರು. ಕಿತ್ತ ವೈರು ಇದ್ವಲ್‌ನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿತ್ತು.

ಮೈದಾನದಲ್ಲಿ ಸೆಲ್ವಿನ್ ಇನ್ನೂ ಕಾಣಿಸಲಿಲ್ಲ. ಇದ್ವಲ್ ಒಂದು ಕಡೆ ನಿಲ್ಲಲಾಗದೆ ಗೇಟಿನವರೆಗೆ ಹೋದ, ಬಂದ, ಮತ್ತೆ ಹೋದ. ಅವನ ಹಿಂದೆ ಪೆರಿಯೂ ಹೋದಳು, ಬಂದಳು, ಮತ್ತೆ ಹೋದಳು. ಹೆಸರು ಕೂಗಿದಾಗ ಬಾರದವನ ಸರದಿ ರದ್ದು, ಅದು ಪಂದ್ಯದ ನಿಯಮ. ಆ ನಿಯಮ ನೆನಪಾದದ್ದೇ ತಡ, ಇದ್ವಲ್ ಪೆರಿಯನ್ನು ಕರೆದುಕೊಂಡು ಚಹಾ ಡೇರೆಗೆ ನುಗ್ಗಿ, ದೊಡ್ಡ ಮೇಜಿನ ಬಟ್ಟೆ ಎತ್ತಿ ಕೆಳಗೆ ತೂರಿಕೊಂಡ.

ಮೇಜಿನ ಮೇಲೆ ಚರ್ಚಿನ ಹೆಂಗಸರು ಒಣದ್ರಾಕ್ಷಿಯ ಬ್ರೆಡ್ಡು ಕೊಯ್ಯುತ್ತಿದ್ದರು. ಕೆಳಗೆ ಇದ್ವಲ್ ಮೊಣಕಾಲಿಗೆ ಗದ್ದ ಸೇರಿಸಿ ಕೂತಿದ್ದ. ಧ್ವನಿವರ್ಧಕದಲ್ಲಿ ಅಂಚೆ ಲೂನೆಡ್‌ಳ ದನಿ ಬಂತು. ಊರಿನ ಅಂಚೆ ಕಚೇರಿಯಂತೆ ಪಂದ್ಯವನ್ನೂ ನಡೆಸುವವಳು ಅವಳೇ.

"ಇದ್ವಲ್ ಪ್ಯೂ ಮತ್ತು ಪೆರಿ! ಗೂಟದ ಹತ್ತಿರ ಬರಬೇಕು."

ಇದ್ವಲ್ ಉಸಿರು ಹಿಡಿದ.

"ಬಸ್ ಇದ್ವಲ್! ಎಲ್ಲಿದ್ದೀಯಪ್ಪಾ?"

ಪೆರಿ ಬಾಲ ಆಡಿಸಿದಳು. ಇದ್ವಲ್ ಬಾಲ ಹಿಡಿದುಕೊಂಡ.

"ಕೊನೇ ಸಲ ಕರೀತಿದ್ದೀನಿ!"

ಆಮೇಲೆ ಇನ್ನೊಬ್ಬನ ಹೆಸರು ಕೂಗಿದರು. ಇದ್ವಲ್ ಪೆರಿಯ ಕಿವಿಯ ಹಿಂದೆ ಮುಖವಿಟ್ಟು ನಿಟ್ಟುಸಿರು ಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು. ಗೆದ್ದೆ ಎಂದುಕೊಂಡ.

ಆಗ ಮೇಜಿನ ಬಟ್ಟೆ ಮೇಲೆದ್ದಿತು. ಲೂನೆಡ್‌ಳ ಕನ್ನಡಕ ಒಳಗೆ ಇಣುಕಿತು.

"ಅಯ್ಯೋ ಪಾಪ, ಇಲ್ಲಿದ್ದೀಯಾ! ಹೊಟ್ಟೆಯಲ್ಲಿ ತಳಮಳಾನಾ? ನನ್ನ ಗಂಡನಿಗೂ ಓಡಿಸೋ ಮುಂಚೆ ಹೀಗೇ ಆಗ್ತಿತ್ತು. ಹೆದರಬೇಡ. ನಿನ್ನ ಸರದಿ ರದ್ದು ಮಾಡಿಲ್ಲ, ಎಲ್ಲರದ್ದೂ ಮುಗಿದ ಮೇಲೆ ಕೊನೆಗೆ ಹಾಕಿದ್ದೀನಿ. ಯಾರಿಗೂ ಮಾಡಲ್ಲ, ನಿನಗೋಸ್ಕರ ಮಾಡ್ದೆ."

"ಲೂನೆಡ್, ನಿಯಮ ಅಂದ್ರೆ ನಿಯಮ, ನೀನು ನನಗೋಸ್ಕರ..."

"ಇರಲಿ ಬಿಡೋ. ಇನ್ನೊಂದು ವಿಷಯ. ಸೆಲ್ವಿನ್ ಫೋನ್ ಮಾಡಿದ್ದ. ದಾರೀಲಿ ಟೈರು ಒಡೆದು ತಡವಾಗಿದೆಯಂತೆ. ನೀನು ಆಗಲೇ ಓಡಿಸಿಬಿಟ್ಟಿದ್ರೆ ಪಾಪ ಅವನು ಬಂದಿದ್ದೇ ದಂಡ ಆಗ್ತಿತ್ತು. ಈಗ ಸರಿಯಾಗಿ ನಿನ್ನ ಹೊತ್ತಿಗೆ ಬಂದು ಸೇರ್ತಾನೆ."

ಇದ್ವಲ್‌ನ ತಲೆ ಮೇಜಿನ ತಳಕ್ಕೆ ಬಡಿಯಿತು. ಮೇಲಿದ್ದ ಕಪ್ಪುಗಳೆಲ್ಲ ಝಲ್ಲೆಂದವು. ಕರೆದಾಗಲೇ ಹೋಗಿ ಓಡಿಸಿ ಮುಗಿಸಿದ್ದರೆ ಪೆರಿಯನ್ನು ನೋಡಲು ಸೆಲ್ವಿನ್ನೇ ಇರುತ್ತಿರಲಿಲ್ಲ! ತನ್ನ ಕೈಯಾರೆ ಅಡಗಿ ಕೂತು, ಅವನಿಗಾಗಿ ಕಾದುಕೊಂಡಂತಾಯಿತು.

ಸೆಲ್ವಿನ್ ಬಂದ. ಸಣ್ಣಗೆ, ಒಣಗಿದಂತಿದ್ದ ಮನುಷ್ಯ. ಯಾರಿಗೂ ಕೈಕುಲುಕದೆ ಬೇಲಿಗೆ ಮೊಣಕೈ ಊರಿ ನಿಂತ. ಪಕ್ಕದಲ್ಲಿ ಗ್ವಿಲಿಮ್, ಗ್ವಿಲಿಮ್‌ನ ಪಕ್ಕದಲ್ಲಿ ಎಲ್ಫೆಡ್, ಎಲ್ಫೆಡ್‌ನ ಹಿಂದೆ ಅವನು ಕೂಗಿ ಕರೆತಂದ ಅರ್ಧ ಊರು.

ಇದ್ವಲ್ ಗೂಟದ ಕಡೆ ಹೆಜ್ಜೆಹಾಕುವಾಗ ಒಂದೇ ದಾರಿ ಉಳಿದಿತ್ತು. ಕುರಿನಾಯಿ ಪಂದ್ಯವೆಂದರೆ, ಮನುಷ್ಯ ಕೆಳಗೆ ಗೂಟದ ಪಕ್ಕ ನಿಲ್ಲಬೇಕು. ನಾಯಿ ಬೆಟ್ಟ ಹತ್ತಿ, ಬಳಸಿ ಹೋಗಿ, ಐದು ಕುರಿಗಳ ಬೆನ್ನಿಗೆ ಬಿದ್ದು, ಅವನ್ನು ಗೇಟುಗಳ ನಡುವೆ ತೂರಿಸಿ ತಂದು, ಕೊನೆಗೆ ದೊಡ್ಡಿಗೆ ಸೇರಿಸಬೇಕು. ಬಾಯಿ ಮನುಷ್ಯನದು, ಕಾಲು ನಾಯಿಯದು. ಪೆರಿಯ ಕಾಲು ಕೆಡಿಸಲು ಅವನಿಂದ ಆಗಲಿಲ್ಲ. ಬಾಯಿಯಾದರೋ ಅವನದೇ. ಬಾಯಿಂದ ಶುರುವಾದದ್ದನ್ನು ಬಾಯಿಂದಲೇ ಮುಗಿಸುವುದು ಎಂದು ನಿಶ್ಚಯಿಸಿದ.

"ನೋಡಮ್ಮಾ," ಎಂದು ಬಗ್ಗಿ ಪಿಸುಗುಟ್ಟಿದ, "ಇವತ್ತು ನನ್ನ ಮೇಲೆ ಕೋಪ ಮಾಡ್ಕೋಬೇಡ."

ಪೆರಿ ಅವನ ಮೂಗು ನೆಕ್ಕಿದಳು.

"ಎಡಕ್ಕೆ!"

ಪೆರಿ ಎಡಕ್ಕೆ ಹಾರಿದಳು. ಹೊಟ್ಟೆ ಹುಲ್ಲಿಗೆ ತಾಗುವಂತೆ, ದೊಡ್ಡ ಕಮಾನು ಹಾಕಿ ಓಡಿದಳು. ಬೇಲಿಯ ಬಳಿ ಜನ 'ಆಹಾ' ಎಂದರು. ಆ ಆಹಾ ಇದ್ವಲ್‌ನ ಎದೆಗೆ ಈಟಿಯಂತೆ ನಾಟಿತು. ಅವಳು ಅರ್ಧ ಬೆಟ್ಟ ಹತ್ತಿರಬೇಕು, "ಬಲಕ್ಕೆ!" ಎಂದು ಕೂಗಿದ. ಕುರಿನಾಯಿ ನಡುದಾರಿಯಲ್ಲಿ ಅಡ್ಡಹಾಯುವುದು ಎಂದರೆ ದೊಡ್ಡ ತಪ್ಪು, ಊಟದ ನಡುವೆ ಎಲೆ ದಾಟಿ ಹೋದಂತೆ. ಪೆರಿ ಗಕ್ಕನೆ ನಿಂತಳು. ತಿರುಗಿ ನೋಡಿದಳು. 'ನಿಜವಾಗಲೂನಾ?' ಎಂದು ಅಷ್ಟು ದೂರದಿಂದಲೂ ಕೇಳಿದಂತಿತ್ತು. "ಬಲಕ್ಕೆ!" ಎಂದ ಮತ್ತೆ. ಪೆರಿ ಬಲಕ್ಕೆ ಓಡಿದಳು.

"ಇವನಿಗೇನು ಬಂತೋ!" ಎಂದು ಗ್ವಿಲಿಮ್ ಟೋಪಿ ಕಿತ್ತ.

ಕುರಿಗಳು ಹೊರಟವು. ಪಾಪ, ಒಳ್ಳೆಯ ಕುರಿಗಳು, ತಾವಾಗಿಯೇ ಮೊದಲ ಗೇಟಿನ ಕಡೆ ನಡೆದವು. ಇದ್ವಲ್ ಗಾಬರಿಯಾಗಿ ಉದ್ದಕ್ಕೆ ಸಿಳ್ಳೆ ಹಾಕಿದ. ಪೆರಿ ಬಳಸಿ ಬಂದು ಅವನ್ನು ಗೇಟಿನ ಹೊರಗಿನಿಂದ ಕರೆತಂದಳು. ಎರಡನೇ ಗೇಟೂ ಹೊರಗಿನಿಂದಲೇ. ಮೂರನೆಯದೂ ಹೊರಗಿನಿಂದಲೇ, ಅದೇ ಬದಿಯಲ್ಲಿ, ಕಂಬಕ್ಕೂ ಕುರಿಗೂ ಒಂದೇ ಗೇಣು ಅಂತರ ಬಿಟ್ಟು.

"ಬಾಗಿಲು ಕಣ್ಣಿಗೆ ಕಾಣಲ್ವೇನೋ! ಬಲ! ಬಲ ಅನ್ನೋ!" ಎಂದು ಎಲ್ಫೆಡ್ ಬೇಲಿ ಹತ್ತಿ ಕೂಗಿದ.

"ಎಡ!" ಎಂದ ಇದ್ವಲ್.

ಐದು ಕುರಿಗಳು ನೇರ ಚಹಾ ಡೇರೆಯೊಳಗೆ ಹೋದವು. ಹೆಂಗಸರು ಕಿರುಚಿದರು. ಒಂದು ಕುರಿ ನಿಧಾನವಾಗಿ ಬ್ರೆಡ್ಡಿನ ತಟ್ಟೆಗೆ ಬಾಯಿ ಹಾಕಿತು. ಇದ್ವಲ್‌ಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಬಿಡಲಿಲ್ಲ. ಪೆರಿ ಡೇರೆಯನ್ನು ಒಂದು ಸುತ್ತು ಹಾಕಿ, ಒಂದು ಕಪ್ಪೂ ಬೀಳದಂತೆ, ಒಬ್ಬರ ಲಂಗಕ್ಕೂ ತಾಗದಂತೆ, ಕುರಿಗಳನ್ನು ಇನ್ನೊಂದು ಬದಿಯಿಂದ ಹೊರಗೆ ತಂದಳು. ಆಮೇಲೆ ಇದ್ವಲ್‌ನ ಸಿಳ್ಳೆಯಂತೆ ತೀರ್ಪುಗಾರರ ಕಾರಿನ ಸುತ್ತ ಸುತ್ತಿಸಿದಳು. ತೀರ್ಪುಗಾರರು ಬರೆಯುವುದನ್ನು ಬಿಟ್ಟು ಕಿಟಕಿಯ ಗಾಜು ಏರಿಸಿಕೊಂಡರು.

ಊರು ನಗುತ್ತಿತ್ತು. ಕೆಲವರು ಬೇಲಿಗೆ ಜೋತುಬಿದ್ದು ನಗುತ್ತಿದ್ದರು. ನಗಲಿ ಎಂದುಕೊಂಡ ಇದ್ವಲ್. ಅವನಿಗೆ ನೋವಾದದ್ದು ಆ ನಗುವಿನಿಂದಲ್ಲ. ಒಂದೊಂದು ಸುಳ್ಳು ಮಾತಿಗೂ ಪೆರಿ ಒಂದು ಗಳಿಗೆ ನಿಂತು, ಅವನ ಮುಖ ನೋಡಿ, ಇವನು ಹೇಳಿದ್ದಾನೆ ಎಂದ ಮೇಲೆ ಏನೋ ಕಾರಣ ಇರಬೇಕು ಎಂಬಂತೆ ಹೇಳಿದ್ದನ್ನು ಮಾಡುತ್ತಿದ್ದಳು. ಅದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಕೊನೆಗೆ ದೊಡ್ಡಿ. ಇದ್ವಲ್ ಗೇಟಿನ ಹಗ್ಗ ಹಿಡಿದು ನಿಂತ. ಅಲೆದಾಡಿ ಸುಸ್ತಾಗಿದ್ದ ಕುರಿಗಳು ದೊಡ್ಡಿ ಕಂಡದ್ದೇ ಸಾಕೆಂದು ತಾವೇ ಒಳಗೆ ಹೋಗಲು ಬಂದವು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು.

"ಪೆರಿ! ಮುಂದೆ ಬಾ! ತಡಿ!"

ಪೆರಿ ಬಾಣದಂತೆ ಬಂದು ಕುರಿಗಳಿಗೂ ಬಾಗಿಲಿಗೂ ನಡುವೆ ಮಲಗಿದಳು. ಕುರಿಗಳು ಒಳಗೆ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಫೋಟೋ ತೆಗೆಸಿಕೊಳ್ಳುವವರಂತೆ ಸಾಲಾಗಿ ನಿಂತವು. ಒಂದು ಕುರಿ ಬಾಲ ಅಲ್ಲಾಡಿಸಲೂ ಅಂಜಿತು. ಬೇಲಿಯ ಬಳಿ ಜನ ನಗು ನಿಲ್ಲಿಸಿ, "ಬಿಡೋ! ಒಳಗೆ ಬಿಡೋ!" ಎಂದು ಅಂಗಲಾಚಿದರು. ಇದ್ವಲ್ ಹಗ್ಗ ಹಿಡಿದು ಆಕಾಶ ನೋಡುತ್ತ ನಿಂತಿದ್ದ. ಹೊತ್ತು ಮುಗಿದ ಗಂಟೆ ಬಾರಿಸುವವರೆಗೂ ಹಾಗೆಯೇ ನಿಂತಿದ್ದ.

"ಸಾಕು, ಬಾ" ಎಂದಾಗ ಪೆರಿ ಎದ್ದು ಬಂದು ಅವನ ಕಾಲಿಗೆ ಒರಗಿದಳು.

ಲೂನೆಡ್ ಧ್ವನಿವರ್ಧಕದಲ್ಲಿ ಏನೋ ಹೇಳಲು ಹೋಗಿ, ಗಂಟಲು ಸರಿಮಾಡಿಕೊಂಡು, "ಚಹಾ ಡೇರೆಯಲ್ಲಿ ಬ್ರೆಡ್ಡು ಮುಗಿದಿದೆ" ಎಂದಷ್ಟೇ ಹೇಳಿದಳು.

"ಇನ್ಮೇಲೆ ನೀನು ಬಸ್ ಇದ್ವಲ್ ಅಲ್ಲ ಕಣೋ," ಎಂದ ಎಲ್ಫೆಡ್ ಕಣ್ಣೊರೆಸಿಕೊಳ್ಳುತ್ತ. "ಡೇರೆ ಇದ್ವಲ್! ಬೆಳಿಗ್ಗೆ ನಾನು ಜೋಡಿಸಿದ ವೈರು ವಾಪಸು ಕೊಡು."

ಇದ್ವಲ್‌ಗೆ ಯಾವುದೂ ತಾಗಲಿಲ್ಲ. ಮನೆಗೆ ಹೋಗಿ ಪೆರಿಗೆ ಒಂದು ಇಡೀ ಮಾಂಸದ ತುಂಡು ಬೇಯಿಸಿ ಹಾಕಬೇಕು, ಕಾಲು ಹಿಡಿದು ತಪ್ಪಾಯಿತೆನ್ನಬೇಕು ಎಂದು ಯೋಚಿಸುತ್ತಿದ್ದ. ಮೈನಿರ್ ದೂರದಿಂದ ಅವನನ್ನು ನೋಡಿ ತಲೆ ಅಲ್ಲಾಡಿಸಿದಳು. ಅವಳೊಬ್ಬಳಿಗೆ ಗೊತ್ತಾಗಿತ್ತು. ಅವಳ ತುಟಿಯಂಚಿನಲ್ಲಿ ನಗುವಿತ್ತು.

ಗ್ವಿಲಿಮ್ ಮುಖ ಕೆಂಪಗೆ ಮಾಡಿಕೊಂಡು ಸೆಲ್ವಿನ್‌ನ ಮುಂದೆ ನಿಂತಿದ್ದ. "ಏನು ಹೇಳಬೇಕೋ ಗೊತ್ತಾಗ್ತಿಲ್ಲ ಸೆಲ್ವಿನ್. ಅಷ್ಟು ದೂರದಿಂದ ಕರೆಸಿ..."

"ನಾಯಿ ನಿಂದಾ?" ಎಂದ ಸೆಲ್ವಿನ್.

"ನಂದೇ. ಆದ್ರೆ..."

"ಕರ್ಕೊಂಡು ಹೋಗ್ತೀನಿ."

ಇದ್ವಲ್‌ಗೆ ತನ್ನ ಕಿವಿಯೇ ಸುಳ್ಳು ಹೇಳುತ್ತಿದೆ ಎನಿಸಿತು. ಗ್ವಿಲಿಮ್‌ಗೂ ಹಾಗೆಯೇ ಅನಿಸಿರಬೇಕು.

"ತಮಾಷೆ ಮಾಡಬೇಡ. ಒಂದು ಗೇಟೂ ದಾಟಲಿಲ್ಲ, ದೊಡ್ಡಿಗೂ ಸೇರಿಸಲಿಲ್ಲ!"

"ನೀವೆಲ್ಲ ಕುರಿ ನೋಡ್ತಿದ್ರಿ. ನಾನು ನಾಯಿ ನೋಡ್ತಿದ್ದೆ" ಎಂದ ಸೆಲ್ವಿನ್. "ಸರಿಯಾದ ಮಾತು ಹೇಳಿದ್ರೆ ಯಾವ ನಾಯಿಯಾದ್ರೂ ಕೇಳುತ್ತೆ. ಅದರ ರಕ್ತದಲ್ಲೇ ಇರುತ್ತೆ. ಮೂರ್ಖನ ಮಾತು ಕೇಳೋದಿದೆಯಲ್ಲ, ಅದಕ್ಕೆ ತನ್ನ ರಕ್ತದ ವಿರುದ್ಧ ಹೋಗಬೇಕು. ಕುರಿ ತಾನಾಗಿ ಬಾಗಿಲಿಗೆ ಬಂದಾಗ ಅಡ್ಡ ಮಲಗು ಅಂದ್ರೆ ಪಂದ್ಯ ಗೆದ್ದ ನನ್ನ ನಾಯಿಗಳಲ್ಲಿ ಒಂದೂ ಮಲಗಲ್ಲ. ಇದು ಮಲಗ್ತು. ಡೇರೆಯಲ್ಲಿ ಒಂದು ಕಪ್ಪು ಬೀಳಲಿಲ್ಲ ನೋಡಿದ್ರಾ? ಮೂರು ಗೇಟನ್ನೂ ಒಂದೇ ಗೇಣಲ್ಲಿ ತಪ್ಪಿಸ್ತು. ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ನಾನು."

ಅವನು ಮೊದಲ ಬಾರಿಗೆ ಇದ್ವಲ್‌ನ ಕಡೆ ತಿರುಗಿದ.

"ಓಡಿಸಿದವನ ವಿಷಯ ಬಿಡು. ಕಲಿಸಿದವನು ಯಾರು? ಅವನಿಗೆ ಟೋಪಿ ತೆಗೀಬೇಕು ನಾನು."

ಇವನೇ ಎಂದು ತೋರಿಸಲು ನಾಚಿಕೆಯಾಗಿ ಗ್ವಿಲಿಮ್ ತನ್ನ ಬೂಟು ನೋಡಿಕೊಂಡ. ಇದ್ವಲ್ ಬಾಯಿ ತೆರೆದ. ಕಲಿಸಿದವನು ನಾನೇ ಎನ್ನಬಹುದಿತ್ತು. ಹಾಗೆಂದರೆ, ಇಷ್ಟು ಚೆನ್ನಾಗಿ ಕಲಿಸಿದವನು ಇಷ್ಟು ಕೆಟ್ಟದಾಗಿ ಯಾಕೆ ಓಡಿಸಿದ ಎಂದು ಕೇಳುತ್ತಾರೆ. ಬೇಕೆಂದೇ ಕೆಡಿಸಿದೆ ಎನ್ನಬಹುದಿತ್ತು. ಹಾಗೆಂದರೆ ನೆಟ್ಟಗೆ ಓಡಿಸಿದರೆ ಹೇಗಿರುತ್ತಾಳೆ ತೋರಿಸು ಎನ್ನುತ್ತಾರೆ, ಆಮೇಲೆ ಸೆಲ್ವಿನ್ ಅವಳನ್ನು ಹೊತ್ತುಕೊಂಡೇ ಹೋಗುತ್ತಾನೆ. ಬಸ್ಸಿನ ಮುಂದೆಯೂ ಗೋಡೆ, ಹಿಂದೆಯೂ ಗೋಡೆ. ಅವನು ಬಾಯಿ ಮುಚ್ಚಿಕೊಂಡ.

"ಭಾವ," ಎಂದ ಕೊನೆಗೆ, ಗ್ವಿಲಿಮ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದು, "ಅವಳನ್ನ ಕೊಡಬೇಡ. ನನಗೆ... ನನಗೆ ಬೇಕು ಅವಳು."

ಗ್ವಿಲಿಮ್ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದ. "ಬೇಕಾ? ಇವತ್ತು ಆ ಬಡಪಾಯಿ ಜೀವಕ್ಕೆ ನೀನು ಮಾಡಿದ್ದು ನೋಡಿದ ಮೇಲೆ, ನಿನ್ನ ಕೈಯಲ್ಲಿ ಒಂದು ದಿನ ಬಿಟ್ರೆ ದೇವರು ಮೆಚ್ಚಲ್ಲ ಕಣೋ. ಬೆಳಿಗ್ಗೆ ಕೇಳಿದ್ರೆ ಬೇರೆ ಮಾತಾಗಿತ್ತು. ಒಳ್ಳೇ ಕೈಗೆ ಹೋಗ್ಲಿ ಬಿಡು."

ಅವನು ಅಂಗೈಗೆ ಉಗುಳಿಕೊಂಡು ಸೆಲ್ವಿನ್‌ನ ಅಂಗೈಗೆ ಹೊಡೆದ. ಚಟ್ ಎಂದು ಸದ್ದಾಯಿತು. ಈ ಬೆಟ್ಟಗಳಲ್ಲಿ ಆ ಸದ್ದಾದ ಮೇಲೆ ರಾಜನೇ ಬಂದರೂ ವ್ಯಾಪಾರ ಹಿಂದಕ್ಕೆ ಹೋಗುವುದಿಲ್ಲ.

ಸೆಲ್ವಿನ್ ತನ್ನ ಗಾಡಿಯ ಹಿಂಬಾಗಿಲು ತೆರೆದ. ಒಳಗೆ ಹೊಸ ಹುಲ್ಲು ಹಾಸಿತ್ತು. "ಬಾ" ಎಂದ. ಪೆರಿ ಕದಲಲಿಲ್ಲ. ಸಿಳ್ಳೆ ಹಾಕಿದ. ಪೆರಿ ಇದ್ವಲ್‌ನ ಕಾಲಿಗೆ ಇನ್ನಷ್ಟು ಒತ್ತಿಕೊಂಡಳು. ಗ್ವಿಲಿಮ್ ಕುತ್ತಿಗೆ ಹಿಡಿದು ಎಳೆದ. ಅವಳು ನಾಲ್ಕೂ ಕಾಲನ್ನು ನೆಲಕ್ಕೆ ಊರಿ ನಿಂತಳು. ಇದ್ವಲ್‌ನ ಎದೆಯಲ್ಲಿ ಒಂದು ಹುಚ್ಚು ಆಸೆ ಚಿಗುರಿತು. ಬರುವುದೇ ಇಲ್ಲ ಎಂದರೆ? ಇಂಥ ಹಟಮಾರಿ ಬೇಡ ಎಂದು ಸೆಲ್ವಿನ್ ಬಿಟ್ಟುಹೋದರೆ?

"ಎಳೀಬೇಡಿ" ಎಂದ ಸೆಲ್ವಿನ್ ಸಮಾಧಾನವಾಗಿ. "ಅದು ಕೇಳೋದು ಇವನ ಮಾತನ್ನ ತಾನೇ. ಇವನ ಬಾಯಿಂದಲೇ ಹೇಳಿಸಿ."

ಎಲ್ಲರೂ ಇದ್ವಲ್‌ನನ್ನು ನೋಡಿದರು. ಎಲ್ಫೆಡ್ ನೋಡಿದ, ಲೂನೆಡ್ ನೋಡಿದಳು, ಗ್ವಿಲಿಮ್ ನೋಡಿದ. ಮೈನಿರ್ ಮಾತ್ರ ಬೇರೆ ಕಡೆ ತಿರುಗಿ ನಿಂತಿದ್ದಳು. ಇದ್ವಲ್ ಬಗ್ಗಿದ. ಪೆರಿಯ ಕಣ್ಣು ಅವನ ಬಾಯಿಯ ಮೇಲೆಯೇ ಇತ್ತು. ಇದೊಂದು ಸಲ, ತಾಯಿ, ಇದೊಂದು ಸಲ ನನ್ನ ಮಾತು ಕೇಳಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಆಮೇಲೆ, ತನಗೇ ಕೇಳಿಸದಷ್ಟು ಮೆಲ್ಲಗೆ, "ಹತ್ತು" ಎಂದ.

ಪೆರಿ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತಿರುಗಿ, ಒಂದೇ ನೆಗೆತಕ್ಕೆ ಗಾಡಿ ಹತ್ತಿ, ಹುಲ್ಲಿನ ಮೇಲೆ ಮಲಗಿದಳು.

"ನೋಡಿದ್ರಾ?" ಎಂದ ಸೆಲ್ವಿನ್ ಬಾಗಿಲು ಹಾಕುತ್ತ, ಸುತ್ತ ನಿಂತವರಿಗೆ. "ಎರಡನೇ ಸಲ ಹೇಳಿಸ್ಕೊಳ್ಳಲಿಲ್ಲ."